ಬಲವಿಲ್ಲದ ನಿಯಂತ್ರಣ, ಬಾಳದ ವಿಮಾನ ಸಂಸ್ಥೆಗಳು: ಕರ್ನಾಟಕದ ಸಂಸತ್ ಸದಸ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸತ್ ಸದಸ್ಯರೇ,

ಲೋಕಸಭೆಯ ಇಪ್ಪತ್ತೆಂಟು ಮತ್ತು ರಾಜ್ಯಸಭೆಯ ಹನ್ನೆರಡು ಸ್ಥಾನಗಳಲ್ಲಿ ಕರ್ನಾಟಕವನ್ನು ಪ್ರತಿನಿಧಿಸುತ್ತಿರುವ ತಮ್ಮೆಲ್ಲರನ್ನೂ, ಪಕ್ಷಭೇದವನ್ನು ಬದಿಗಿಟ್ಟು, ಒಟ್ಟಾಗಿ ಉದ್ದೇಶಿಸಿ ಈ ಪತ್ರವನ್ನು ಬರೆಯಲಾಗಿದೆ. ವಿಮಾನಯಾನದ ಬಗ್ಗೆ ಸಂಸತ್ತಿನಲ್ಲಿ ಪ್ರಶ್ನೆಗಳು ಏಳುವುದು ಸಾಮಾನ್ಯವಾಗಿ ಟಿಕೆಟ್ ದರ ಏರಿದಾಗ, ಇಲ್ಲವೇ ಯಾವುದಾದರೊಂದು ಜಿಲ್ಲೆಗೆ ವಿಮಾನ ನಿಲ್ದಾಣ ಬೇಕೆನಿಸಿದಾಗ. ಅವೆರಡೂ ನ್ಯಾಯವಾದ ಪ್ರಶ್ನೆಗಳೇ ಆಗಿದ್ದರೂ, ನಿಲ್ದಾಣ ಕಟ್ಟಿದ ಮೇಲೆ ಅಲ್ಲಿಗೆ ಹಾರಬೇಕಾದ ಸಂಸ್ಥೆಗಳು ಏಕೆ ಒಂದೊಂದಾಗಿ ಮುಳುಗುತ್ತವೆ, ಮುಳುಗದೆ ಉಳಿದ ಸಂಸ್ಥೆ ತಪ್ಪಿದಾಗ ಅದನ್ನು ತಡೆಯಬೇಕಾದವರ ಕೈ ಏಕೆ ಕಟ್ಟಿಹೋಗಿರುತ್ತದೆ ಎಂಬ ಪ್ರಶ್ನೆಗಳು ಅವುಗಳ ಹಿಂದೆ ಸರಿದುಬಿಡುತ್ತವೆ. ಈ ಪತ್ರದ ಕಾಳಜಿ ಆ ಹಿಂದೆ ಸರಿದ ಪ್ರಶ್ನೆಗಳದ್ದು.

ಈ ವಿಷಯದಲ್ಲಿ ಕರ್ನಾಟಕದ ಪ್ರತಿನಿಧಿಗಳಿಗೆ ಉಳಿದವರಿಗಿಂತ ಹೆಚ್ಚಿನ ಹೊಣೆಯಿದೆ ಎನ್ನಲು ಕಾರಣವಿದೆ. ಕಡಿಮೆ ದರದ ವಿಮಾನಯಾನವೆಂಬ ಕಲ್ಪನೆಯನ್ನು ದೇಶಕ್ಕೆ ಪರಿಚಯಿಸಿದ ಏರ್ ಡೆಕ್ಕನ್, ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಮುಂದಾಳತ್ವದಲ್ಲಿ 2003ರ ಆಗಸ್ಟ್‌ನಲ್ಲಿ ಹಾರಾಟ ಆರಂಭಿಸಿದ್ದು ಬೆಂಗಳೂರನ್ನು ನೆಲೆಯಾಗಿಸಿಕೊಂಡು. 2005ರ ಮೇ ತಿಂಗಳಲ್ಲಿ ಬಂದ ಕಿಂಗ್‌ಫಿಷರ್ ಬೆಂಗಳೂರಿನ ಉದ್ಯಮ ಸಮೂಹವೊಂದರ ಕೂಸು. 2014ರ ಜೂನ್‌ನಲ್ಲಿ ಏರ್‌ಏಷ್ಯಾ ಇಂಡಿಯಾ, 2015ರ ಏಪ್ರಿಲ್‌ನಲ್ಲಿ ಏರ್ ಪೆಗಾಸಸ್ ಎಂಬ ಸಣ್ಣ ಸಂಸ್ಥೆ, ಎರಡೂ ಮೊದಲು ಮೇಲೇರಿದ್ದು ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದಲೇ. ಈ ನಾಲ್ಕರಲ್ಲಿ ಏರ್ ಡೆಕ್ಕನ್ ಕಿಂಗ್‌ಫಿಷರ್‌ನಲ್ಲಿ ಲೀನವಾಯಿತು, ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನೆಲಕಚ್ಚಿತು, ಪೆಗಾಸಸ್ ಒಂದು ವರ್ಷ ದಾಟಿ ಕೆಲವೇ ತಿಂಗಳಲ್ಲಿ ನಿಂತಿತು, ಏರ್‌ಏಷ್ಯಾ ಇಂಡಿಯಾ 2024ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನೊಳಗೆ ಕರಗಿತು.

ಇಂತಹ ಪ್ರತಿಯೊಂದು ಪತನವನ್ನೂ ಮಾಲೀಕನ ದುಂದುಗಾರಿಕೆಯ ಫಲವೆಂದು ವಿವರಿಸಿ ಮುಗಿಸುವುದು ರೂಢಿಯಾಗಿದೆ, ಮತ್ತು ಕಿಂಗ್‌ಫಿಷರ್‌ನ ಮಟ್ಟಿಗೆ ಆ ವಿವರಣೆಯಲ್ಲಿ ಸಾಕಷ್ಟು ಸತ್ಯವಿದೆ. ಆದರೆ 1990ರ ದಶಕದ ಈಸ್ಟ್ ವೆಸ್ಟ್, ದಮಾನಿಯಾ, ಮೋದಿಲುಫ್ಟ್, ಎನ್‌ಇಪಿಸಿಗಳಿಂದ ಹಿಡಿದು 2019ರ ಏಪ್ರಿಲ್‌ನಲ್ಲಿ ನಿಂತ ಜೆಟ್ ಏರ್‌ವೇಸ್ ಮತ್ತು 2023ರ ಮೇ ತಿಂಗಳಲ್ಲಿ ನಿಂತ ಗೋ ಫಸ್ಟ್‌ವರೆಗೆ ಮಾಲೀಕರು ಬೇರೆ, ಅವರ ಸ್ವಭಾವ ಬೇರೆ, ವ್ಯಾಪಾರದ ಮಾದರಿಯೂ ಬೇರೆಯಾಗಿದ್ದು ಅಂತ್ಯ ಮಾತ್ರ ಒಂದೇ ಆಗಿರುವಾಗ, ರೋಗ ವ್ಯಕ್ತಿಗಳಲ್ಲಿ ಮಾತ್ರ ಇದೆ ಎಂದು ನಂಬುವುದು ಕಷ್ಟ. ಜಿಪುಣತನಕ್ಕೆ ಹೆಸರಾಗಿದ್ದ ಗೋ ಫಸ್ಟ್ ಕೂಡ ಉಳಿಯಲಿಲ್ಲ.

ಮೊದಲು ಖರ್ಚಿನ ಕಡೆ ನೋಡಬಹುದು. ವಿಮಾನಕ್ಕೆ ತುಂಬುವ ಇಂಧನವನ್ನು ಏವಿಯೇಷನ್ ಟರ್ಬೈನ್ ಫ್ಯೂಯಲ್, ಸಂಕ್ಷಿಪ್ತವಾಗಿ ಎಟಿಎಫ್ ಎನ್ನುತ್ತಾರೆ. ಅದು ಸೀಮೆಎಣ್ಣೆಯ ಜಾತಿಗೆ ಸೇರಿದ, ಹೆಚ್ಚು ಶುದ್ಧೀಕರಿಸಿದ ತೈಲ. ಭಾರತದ ಸಂಸ್ಥೆಗಳ ಒಟ್ಟು ವೆಚ್ಚದಲ್ಲಿ ಸರಿಸುಮಾರು ಮೂರನೆಯ ಒಂದು ಭಾಗದಿಂದ ಶೇ. 40ರವರೆಗೆ ಇದಕ್ಕೇ ಹೋಗುತ್ತದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ, ಜಾರಿಗೆ ಬಂದಾಗ ಕಚ್ಚಾ ತೈಲ, ಪೆಟ್ರೋಲ್, ಡೀಸೆಲ್, ನೈಸರ್ಗಿಕ ಅನಿಲಗಳ ಜೊತೆಗೆ ಎಟಿಎಫ್ ಅನ್ನೂ ಅದರಿಂದ ಹೊರಗಿಡಲಾಯಿತಾದ್ದರಿಂದ, ಇಂದಿಗೂ ಅದರ ಮೇಲೆ ಕೇಂದ್ರವು ಅಬಕಾರಿ ಸುಂಕವನ್ನೂ, ರಾಜ್ಯಗಳು ತಮಗೆ ತೋಚಿದ ದರದಲ್ಲಿ ಮೌಲ್ಯವರ್ಧಿತ ತೆರಿಗೆಯನ್ನೂ, ಅಂದರೆ ವ್ಯಾಟ್ ಅನ್ನೂ ವಿಧಿಸುತ್ತವೆ. ವ್ಯಾಟ್ ಬೀಳುವುದು ಸುಂಕ ಸೇರಿದ ಬೆಲೆಯ ಮೇಲೆ. ಹಲವು ವರ್ಷಗಳಿಂದ ಶೇ. 29ರ ದರವಿಟ್ಟುಕೊಂಡಿರುವ ತಮಿಳುನಾಡಿನಲ್ಲಿ 100 ರೂಪಾಯಿಯ ಇಂಧನ ತುಂಬಿಸಿದರೆ ಶೇ. 11ರ ಅಬಕಾರಿ ಸುಂಕ ಸೇರಿ 111 ರೂಪಾಯಿಯಾಗುತ್ತದೆ, ಆ 111ರ ಮೇಲೆ 32 ರೂಪಾಯಿ 19 ಪೈಸೆ ವ್ಯಾಟ್ ಸೇರಿ ಒಟ್ಟು 143 ರೂಪಾಯಿ 19 ಪೈಸೆಯಾಗುತ್ತದೆ. ತೆರಿಗೆಯ ಮೇಲೂ ತೆರಿಗೆ ಎಂಬುದು ಇಲ್ಲಿ ಬರೀ ಭಾಷಣದ ಮಾತಲ್ಲ, ಬಿಲ್ಲಿನ ಲೆಕ್ಕ.

ಇದರ ಇನ್ನೊಂದು ಮುಖ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಜಿಎಸ್‌ಟಿ ವ್ಯವಸ್ಥೆಯಲ್ಲಿರುವ ವ್ಯಾಪಾರಿಯು ತಾನು ಕೊಂಡ ಸರಕಿನ ಮೇಲೆ ತೆತ್ತ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಇದಕ್ಕೆ ಹೂಡುವಳಿ ತೆರಿಗೆ ಜಮೆ ಎನ್ನುತ್ತಾರೆ. ವಿಮಾನ ಸಂಸ್ಥೆಯು ಪ್ರಯಾಣಿಕರ ಟಿಕೆಟ್‌ಗಳ ಮೇಲೆ ಜಿಎಸ್‌ಟಿ ವಸೂಲು ಮಾಡಿ ಕಟ್ಟುತ್ತದಾದರೂ, ತನ್ನ ಅತಿದೊಡ್ಡ ಖರೀದಿಯಾದ ಇಂಧನದ ಮೇಲೆ ತೆತ್ತ ಸುಂಕ ಮತ್ತು ವ್ಯಾಟ್‌ನ ಒಂದು ಪೈಸೆಯನ್ನೂ ಅದರಲ್ಲಿ ಕಳೆಯುವಂತಿಲ್ಲ. ರಾಜ್ಯದಿಂದ ರಾಜ್ಯಕ್ಕೆ ವ್ಯಾಟ್ ದರ ಶೇ. 1ರಿಂದ ಶೇ. 29ರವರೆಗೆ ಬದಲಾಗುವುದರಿಂದ, ಅಗ್ಗದ ರಾಜ್ಯದಲ್ಲಿ ಅಗತ್ಯಕ್ಕಿಂತ ಹೆಚ್ಚು ಇಂಧನ ತುಂಬಿಸಿಕೊಂಡು, ಆ ಹೆಚ್ಚುವರಿ ಭಾರ ಹೊರಲಿಕ್ಕೇ ಮತ್ತಷ್ಟು ಇಂಧನ ಸುಟ್ಟು, ದುಬಾರಿ ರಾಜ್ಯದಲ್ಲಿ ಇಳಿಯುವ ಪದ್ಧತಿಯೂ ಬೆಳೆದಿದೆ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿಯ ಮುಂದೆ ಎಟಿಎಫ್ ಅನ್ನು ಒಳಗೆ ತರುವ ಪ್ರಸ್ತಾವ ಬಂದಾಗ ರಾಜ್ಯಗಳು ಒಪ್ಪಲಿಲ್ಲ. ತಮ್ಮ ಬೊಕ್ಕಸದ ಬಗ್ಗೆ ರಾಜ್ಯಗಳಿಗಿರುವ ಆತಂಕ ಅರ್ಥವಾಗದಂಥದ್ದಲ್ಲ, ಜಿಎಸ್‌ಟಿಗೆ ಒಳಪಟ್ಟ ಮೇಲೆ ಸ್ವಂತ ತೆರಿಗೆಯೆಂದು ಉಳಿದಿರುವುದೇ ಬೆರಳೆಣಿಕೆಯಷ್ಟು. ಹಾಗೆಂದು ಆ ಆತಂಕದ ಬೆಲೆಯನ್ನು ನಷ್ಟದಲ್ಲಿರುವ ಒಂದೇ ಉದ್ಯಮದಿಂದ ವಸೂಲು ಮಾಡುವುದು ಎಷ್ಟು ಕಾಲ ನಡೆದೀತು?

ಇಂಧನದ ಆಚೆಗಿರುವುದು ಡಾಲರಿನ ಹೊರೆ. ಭಾರತದ ಸಂಸ್ಥೆಗಳು ಹಾರಿಸುವ ಬಹುಪಾಲು ವಿಮಾನಗಳು ಅವುಗಳ ಸ್ವಂತದ್ದಲ್ಲ, ವಿದೇಶಿ ಗುತ್ತಿಗೆ ಕಂಪನಿಗಳಿಂದ ತಿಂಗಳ ಬಾಡಿಗೆಗೆ ತಂದವು; ಬಾಡಿಗೆ, ಎಂಜಿನ್ ದುರಸ್ತಿ, ಬಿಡಿಭಾಗ, ವಿಮೆ ಎಲ್ಲವನ್ನೂ ಡಾಲರಿನಲ್ಲಿ ಪಾವತಿಸಬೇಕು, ಆದಾಯ ಮಾತ್ರ ಹೆಚ್ಚಾಗಿ ರೂಪಾಯಿಯಲ್ಲಿ. ರೂಪಾಯಿ ಕುಸಿದಾಗಲೆಲ್ಲ ಒಬ್ಬನೇ ಒಬ್ಬ ಪ್ರಯಾಣಿಕನೂ ಕಡಿಮೆಯಾಗದೆ ನಷ್ಟ ಹೆಚ್ಚುತ್ತದೆ. ನೂರಾರು ವಿಮಾನಗಳನ್ನು ಒಟ್ಟಿಗೆ ಖರೀದಿಸಬಲ್ಲ ಸಂಸ್ಥೆಗೆ ತಯಾರಕರು ದೊಡ್ಡ ರಿಯಾಯಿತಿ ಕೊಡುತ್ತಾರೆ. ಆ ಸಂಸ್ಥೆಯು ವಿಮಾನ ಕೈಗೆ ಬಂದ ಕೂಡಲೇ ಗುತ್ತಿಗೆ ಕಂಪನಿಗೆ ಮಾರಿ, ಅದನ್ನೇ ಬಾಡಿಗೆಗೆ ಪಡೆದು, ನಡುವಿನ ಲಾಭವನ್ನು ನಗದಾಗಿ ಇಟ್ಟುಕೊಳ್ಳುತ್ತದೆ. ಹತ್ತು ವಿಮಾನಗಳ ಸಂಸ್ಥೆಗೆ ಈ ದಾರಿ ಮುಚ್ಚಿದೆ. ಹೀಗಾಗಿ ತೆರಿಗೆ ಮತ್ತು ಡಾಲರಿನ ಹೊಡೆತ ಎಲ್ಲರಿಗೂ ಸಮನಾಗಿ ಬಿದ್ದರೂ ತಡೆದುಕೊಳ್ಳುವ ಶಕ್ತಿ ದೊಡ್ಡವರಿಗೆ ಮಾತ್ರ ಉಳಿದು, ದೇಶದೊಳಗಿನ ಪ್ರಯಾಣಿಕರಲ್ಲಿ ಶೇ. 60ಕ್ಕೂ ಹೆಚ್ಚು ಜನರನ್ನು ಇಂಡಿಗೊ ಒಂದೇ ಸಾಗಿಸುವ, ಉಳಿದವರಲ್ಲಿ ಬಹುಪಾಲು ಜನರನ್ನು ಏರ್ ಇಂಡಿಯಾ ಸಮೂಹ ಸಾಗಿಸುವ ಸ್ಥಿತಿಗೆ ದೇಶ ಬಂದು ನಿಂತಿದೆ.

ಈ ಸ್ಥಿತಿಯ ನಿಜವಾದ ಅಪಾಯ ಬಯಲಾದದ್ದು 2025ರ ಡಿಸೆಂಬರ್ ಮೊದಲ ವಾರದಲ್ಲಿ, ಮತ್ತು ಅದನ್ನು ಸ್ವಲ್ಪ ವಿವರವಾಗಿ ನೋಡದೆ ಈ ಪತ್ರದ ಬೇಡಿಕೆ ಅರ್ಥವಾಗುವುದಿಲ್ಲ. ಪೈಲಟ್‌ಗಳು ಎಷ್ಟು ಗಂಟೆ ದುಡಿಯಬಹುದು, ಎಷ್ಟು ವಿಶ್ರಾಂತಿ ಪಡೆಯಲೇಬೇಕು ಎಂಬುದನ್ನು ನಿಗದಿಪಡಿಸುವ ನಿಯಮಗಳನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2024ರ ಜನವರಿಯಲ್ಲಿ ಪರಿಷ್ಕರಿಸಿತು. ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48ಕ್ಕೆ ಏರಿಸಿ, ರಾತ್ರಿಯೆಂದರೆ ಮಧ್ಯರಾತ್ರಿಯಿಂದ ಬೆಳಗಿನ 6ರವರೆಗೆ ಎಂದು ವಿಸ್ತರಿಸಿ, ರಾತ್ರಿ ಹೊತ್ತಿನ ಇಳಿಕೆಗಳನ್ನು ಆರರಿಂದ ಎರಡಕ್ಕೆ ಇಳಿಸಿದ ಈ ನಿಯಮಗಳ ಹಿಂದಿನ ಕಾರಣ ಸರಳ: ನಸುಕಿನ ಎರಡರಿಂದ ಆರರ ನಡುವೆ ಮನುಷ್ಯನ ಎಚ್ಚರ ಅತ್ಯಂತ ತಗ್ಗಿರುತ್ತದೆ, ಆ ಹೊತ್ತಿನಲ್ಲಿ ಮೂರನೆಯದೋ ನಾಲ್ಕನೆಯದೋ ಬಾರಿ ವಿಮಾನ ಇಳಿಸುವ ಪೈಲಟ್ ತಪ್ಪು ಮಾಡುವ ಸಂಭವ ಹೆಚ್ಚು. 2024ರ ಜೂನ್‌ನಲ್ಲಿ ಜಾರಿಯಾಗಬೇಕಿದ್ದ ನಿಯಮಗಳು ಸಂಸ್ಥೆಗಳ ಆಕ್ಷೇಪದಿಂದ ಮುಂದಕ್ಕೆ ಹೋದವು. ಪ್ರಕರಣ ದೆಹಲಿ ಹೈಕೋರ್ಟ್ ತಲುಪಿ, ಕೊನೆಗೆ ಒಂದು ಭಾಗ 2025ರ ಜುಲೈ 1ರಿಂದ, ರಾತ್ರಿ ಹಾರಾಟಕ್ಕೆ ಸಂಬಂಧಿಸಿದ ಭಾಗ ನವೆಂಬರ್ 1ರಿಂದ ಜಾರಿಗೆ ಬಂತು.

ಅಂದರೆ ತಯಾರಿಗೆ ಇಪ್ಪತ್ತೊಂದು ತಿಂಗಳಿಗೂ ಹೆಚ್ಚು ಕಾಲವಿತ್ತು. ಆದರೂ ರಾತ್ರಿ ಹಾರಾಟವನ್ನೇ ತನ್ನ ದಕ್ಷತೆಯ ಮೂಲವಾಗಿಸಿಕೊಂಡಿದ್ದ ಅತಿದೊಡ್ಡ ಸಂಸ್ಥೆಯಲ್ಲಿ ಹೊಸ ಲೆಕ್ಕಕ್ಕೆ ಸಾಲುವಷ್ಟು ಪೈಲಟ್‌ಗಳು ಇರಲಿಲ್ಲ. ಡಿಸೆಂಬರ್ 3ರಿಂದ 5ರವರೆಗಿನ ಮೂರೇ ದಿನದಲ್ಲಿ ಎರಡೂವರೆ ಸಾವಿರದಷ್ಟು ಹಾರಾಟಗಳು ರದ್ದಾಗಿ, ಮೂರು ಲಕ್ಷಕ್ಕೂ ಹೆಚ್ಚು ಜನ ಅಲ್ಲಲ್ಲೇ ಸಿಕ್ಕಿಬಿದ್ದರು. ಹುಬ್ಬಳ್ಳಿಯ ಆರತಕ್ಷತೆಯೊಂದಕ್ಕೆ ಭುವನೇಶ್ವರದಿಂದ ಹೊರಟಿದ್ದ ನವದಂಪತಿ ಅಲ್ಲಿಯೇ ಉಳಿದು, ಪರದೆಯ ಮೇಲೆ ಕಾಣಿಸಿಕೊಂಡು ಅತಿಥಿಗಳಿಗೆ ಕೈಮುಗಿದದ್ದು, ಮಂಟಪದ ಕುರ್ಚಿಗಳಲ್ಲಿ ವಧುವಿನ ತಂದೆ-ತಾಯಿ ಕುಳಿತು ಶಾಸ್ತ್ರ ನೆರವೇರಿಸಿದ್ದು ಆ ವಾರದ ಸುದ್ದಿಯಾಗಿತ್ತು. ನಕ್ಕು ಮರೆಯಬಹುದಾದ ಪ್ರಸಂಗವಿದು. ಪರೀಕ್ಷೆ, ಶಸ್ತ್ರಚಿಕಿತ್ಸೆ, ಅಂತ್ಯಕ್ರಿಯೆಗಳನ್ನು ತಪ್ಪಿಸಿಕೊಂಡವರಿಗೆ ನಗಲಿಕ್ಕೆ ಏನೂ ಇರಲಿಲ್ಲ.

ಆಗ ನಿಯಂತ್ರಣ ಸಂಸ್ಥೆ ಮಾಡಿದ್ದೇನು? ಡಿಸೆಂಬರ್ 5ರಂದು ಡಿಜಿಸಿಎ ತನ್ನ ನಿಯಮದ ಒಂದು ಅಂಶವನ್ನು ಹಿಂತೆಗೆದುಕೊಂಡು, ರಾತ್ರಿ ಹಾರಾಟದ ಮಿತಿಗಳಿಂದ ಆ ಸಂಸ್ಥೆಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟಿತು. ಮರುದಿನ ನಾಗರಿಕ ವಿಮಾನಯಾನ ಸಚಿವಾಲಯ ಟಿಕೆಟ್ ದರಗಳಿಗೆ ಮಿತಿ ಹಾಕಿತು, ಆ ಬಳಿಕ ಸಂಸ್ಥೆಯ ವೇಳಾಪಟ್ಟಿಯನ್ನು ಶೇ. 10ರಷ್ಟು ಕಡಿತಗೊಳಿಸಲಾಯಿತು. ಜನವರಿಯಲ್ಲಿ ವಿಧಿಸಲಾದ ದಂಡ 22 ಕೋಟಿ 20 ಲಕ್ಷ ರೂಪಾಯಿ. 2024-25ರಲ್ಲಿ ಅದೇ ಸಂಸ್ಥೆಯ ಲಾಭ 7,258 ಕೋಟಿಯಾಗಿದ್ದರಿಂದ, ಈ ದಂಡ ಅದರ ಒಂದು ದಿನದ ಲಾಭಕ್ಕಿಂತ ಸ್ವಲ್ಪವೇ ಹೆಚ್ಚು. ಸುರಕ್ಷತೆಗಾಗಿ ಮಾಡಿದ ನಿಯಮವನ್ನು, ಅದನ್ನು ಪಾಲಿಸದವರ ಅನುಕೂಲಕ್ಕಾಗಿಯೇ ಸಡಿಲಿಸಬೇಕಾಗಿ ಬಂದದ್ದು ಅಧಿಕಾರಿಗಳ ಹೇಡಿತನದಿಂದ ಎಂದು ಈ ಪತ್ರ ಆರೋಪಿಸುವುದಿಲ್ಲ. ದೇಶದ ಪ್ರಯಾಣಿಕರಲ್ಲಿ ಹತ್ತರಲ್ಲಿ ಆರು ಮಂದಿ ಒಂದೇ ಸಂಸ್ಥೆಯ ಮೇಲೆ ಅವಲಂಬಿತರಾಗಿರುವಾಗ ಬೇರೆ ದಾರಿಯೂ ಆ ದಿನ ಇರಲಿಲ್ಲ. ತಪ್ಪು ನಡೆದದ್ದು ಅದಕ್ಕೆ ಮೊದಲು: ಅಕ್ಟೋಬರ್‌ನಲ್ಲಿಯೇ ಪೈಲಟ್‌ಗಳ ಸಂಖ್ಯೆಯನ್ನು ಎಣಿಸಿ, ಚಳಿಗಾಲದ ವೇಳಾಪಟ್ಟಿಗೆ ಒಪ್ಪಿಗೆ ನಿರಾಕರಿಸಬೇಕಿದ್ದವರು ನಿರಾಕರಿಸದಿದ್ದಾಗ.

ನಿರಾಕರಿಸುವ ಶಕ್ತಿ ಆ ಕಚೇರಿಗೆ ಇದೆಯೇ ಎಂಬುದನ್ನು ತಮ್ಮದೇ ಸಂಸತ್ತಿನ ಸ್ಥಾಯಿ ಸಮಿತಿ 2025ರ ಆಗಸ್ಟ್‌ನಲ್ಲಿ ತೋರಿಸಿಕೊಟ್ಟಿದೆ. ಡಿಜಿಸಿಎಯ 1,063 ಮಂಜೂರಾದ ಹುದ್ದೆಗಳಲ್ಲಿ ಭರ್ತಿಯಾಗಿದ್ದುದು 553 ಮಾತ್ರ. ವಿಮಾನಗಳನ್ನು ತಪಾಸಣೆ ಮಾಡುವ ತಜ್ಞರಿಗೆ ಖಾಸಗಿ ಸಂಸ್ಥೆಗಳು ಹಲವು ಪಟ್ಟು ಸಂಬಳ ಕೊಡುವಾಗ, ಸರ್ಕಾರಿ ನೇಮಕಾತಿಯ ನಿಧಾನಗತಿಯಲ್ಲಿ ಅರ್ಜಿ ಹಾಕಿ ಕಾಯುವವರು ಯಾರು? ಸಿಬ್ಬಂದಿಯ ಕೊರತೆಗಿಂತಲೂ ಆಳವಾದದ್ದು ಸ್ವಾತಂತ್ರ್ಯದ ಕೊರತೆ. 1934ರ ವಿಮಾನ ಕಾಯ್ದೆಯ ಜಾಗದಲ್ಲಿ ತಾವೇ ಅಂಗೀಕರಿಸಿದ, 2025ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮದಲ್ಲಿಯೂ ಡಿಜಿಸಿಎ ಕೇಂದ್ರ ಸರ್ಕಾರದ ಮೇಲ್ವಿಚಾರಣೆಯಲ್ಲಿಯೇ ಉಳಿದಿದೆ. ಸರ್ಕಾರ ಅದಕ್ಕೆ ನಿರ್ದೇಶನ ಕೊಡಬಹುದು, ಅದರ ಆದೇಶಗಳನ್ನು ಪುನರ್ವಿಮರ್ಶಿಸಬಹುದು. ದೂರಸಂಪರ್ಕಕ್ಕೆ ಟ್ರಾಯ್ ಎಂಬ ಪ್ರತ್ಯೇಕ ಪ್ರಾಧಿಕಾರವನ್ನೂ ಅದರ ವಿವಾದಗಳಿಗೆ ಪ್ರತ್ಯೇಕ ನ್ಯಾಯಮಂಡಳಿಯನ್ನೂ ಕೊಟ್ಟ ಸಂಸತ್ತು, ಜೀವದ ಪ್ರಶ್ನೆಯಿರುವ ಈ ಕ್ಷೇತ್ರಕ್ಕೆ ಅಷ್ಟನ್ನೂ ಕೊಡಲಿಲ್ಲ. ಉದ್ಯಮವನ್ನು ಬೆಳೆಸಬೇಕಾದ ಸಚಿವಾಲಯ ಮತ್ತು ಅದೇ ಉದ್ಯಮಕ್ಕೆ ಕಡಿವಾಣ ಹಾಕಬೇಕಾದ ನಿರ್ದೇಶನಾಲಯ ಒಂದೇ ಮೇಜಿನ ಎರಡು ಬದಿಯಲ್ಲಿ ಕುಳಿತಿರುವಾಗ ಕಡಿವಾಣ ಸಡಿಲವಾಗುವುದು ಸಹಜ.

ಶಾಸನ ಮಾಡುವಾಗ ಸಂಸತ್ತು ಯಾರ ಮಾತಿಗೆ ಕಿವಿಗೊಟ್ಟಿದೆ ಎಂಬುದಕ್ಕೆ ಗೋ ಫಸ್ಟ್ ಪ್ರಕರಣ ಒಳ್ಳೆಯ ನಿದರ್ಶನ. ಪ್ರ್ಯಾಟ್ ಆ್ಯಂಡ್ ವಿಟ್ನಿ ಎಂಜಿನ್‌ಗಳು ಕೆಟ್ಟು ಅರ್ಧದಷ್ಟು ವಿಮಾನಗಳು ನಿಂತುಹೋದ ಕಾರಣ ನೀಡಿ ಆ ಸಂಸ್ಥೆ 2023ರ ಮೇ 2ರಂದು ತಾನಾಗಿಯೇ ದಿವಾಳಿ ಅರ್ಜಿ ಸಲ್ಲಿಸಿದಾಗ, ದಿವಾಳಿ ಸಂಹಿತೆಯ ಪ್ರಕಾರ ಅದರ ಸ್ವತ್ತುಗಳನ್ನು ಯಾರೂ ಮುಟ್ಟದಂತೆ ತಡೆ ಬಿದ್ದು, ಗುತ್ತಿಗೆ ಕಂಪನಿಗಳು ತಮ್ಮ ವಿಮಾನಗಳನ್ನು ಒಯ್ಯಲಾಗದೆ ಹೋದವು. ದೆಹಲಿ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ 54 ವಿಮಾನಗಳ ನೋಂದಣಿ ರದ್ದುಮಾಡಲು ಆದೇಶಿಸಿದ ಮೇಲೆಯೇ ಅವು ಬಿಡುಗಡೆಯಾದದ್ದು. ಭಾರತಕ್ಕೆ ವಿಮಾನ ಬಾಡಿಗೆಗೆ ಕೊಡುವುದು ಅಪಾಯವೆಂಬ ಭಾವನೆ ಬೆಳೆದರೆ ಬಾಡಿಗೆಯೇ ಏರುತ್ತದೆಂಬ ಕಾರಣಕ್ಕೆ, ಕೇಪ್‌ಟೌನ್ ಒಪ್ಪಂದವೆಂಬ ಅಂತರರಾಷ್ಟ್ರೀಯ ಕರಾರಿಗೆ ಬಲ ಕೊಡುವ ಕಾನೂನನ್ನು ತಾವು 2025ರ ಏಪ್ರಿಲ್‌ನಲ್ಲಿ ಅಂಗೀಕರಿಸಿದಿರಿ. ಅದು ಸರಿಯಾದ ಹೆಜ್ಜೆ. ಆದರೆ ಗುತ್ತಿಗೆ ಕಂಪನಿಗೆ ದೊರೆತ ರಕ್ಷಣೆ, ತಿಂಗಳುಗಟ್ಟಲೆ ಮೊದಲೇ ಹಣ ತೆತ್ತು ಟಿಕೆಟ್ ಕೊಂಡ ಪ್ರಯಾಣಿಕನಿಗೂ ಸಂಬಳ ಬಾಕಿಯಿರುವ ನೌಕರನಿಗೂ ದೊರೆಯಲಿಲ್ಲ. ದಿವಾಳಿಯಾದ ಸಂಸ್ಥೆಯಿಂದ ಹಣ ಬರಬೇಕಾದವರ ಪಟ್ಟಿಯಲ್ಲಿ ಪ್ರಯಾಣಿಕನ ಹೆಸರು ಕೆಳಗಡೆ ಎಲ್ಲೋ ಇರುತ್ತದೆ. ಜೆಟ್ ಏರ್‌ವೇಸ್ ನಿಂತು ಐದೂವರೆ ವರ್ಷಗಳ ಮೇಲೆ, 2024ರ ನವೆಂಬರ್‌ನಲ್ಲಿ, ಅದರ ಸ್ವತ್ತನ್ನು ಮಾರಿ ಮುಗಿಸಲು ಸುಪ್ರೀಂ ಕೋರ್ಟ್ ಆದೇಶಿಸುವವರೆಗೆ ಅಲ್ಲಿನ ನೌಕರರು ಕಾದದ್ದನ್ನು ನೆನೆದರೆ ಈ ಅಂತರ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.

ಕಲ್ಯಾಣ ಕರ್ನಾಟಕದ ಸದಸ್ಯರು ಇನ್ನೊಂದು ಸಂಗತಿಯನ್ನು ಹತ್ತಿರದಿಂದ ಬಲ್ಲರು. ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕಲ್ಪಿಸುವ ಉಡಾನ್ ಯೋಜನೆಯಲ್ಲಿ ಸಂಸ್ಥೆಗೆ ಮೂರು ವರ್ಷ ನಷ್ಟ ತುಂಬಿಕೊಡಲಾಗುತ್ತದೆ, ಅದಕ್ಕೆ ಪ್ರತಿಯಾಗಿ ಒಂದಷ್ಟು ಆಸನಗಳನ್ನು ಮಿತ ದರದಲ್ಲಿ ಕೊಡಬೇಕು. ಮೂರನೆಯ ಹಂತದವರೆಗೆ ಹಂಚಲಾದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲವೆಂದೂ, ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112 ಮಾತ್ರವೆಂದೂ, ನೆರವು ನಿಂತ ಬಳಿಕವೂ ಉಳಿದದ್ದು 54 ಎಂದೂ ಮಹಾಲೇಖಪಾಲರು 2023ರ ವರದಿಯಲ್ಲಿ ಲೆಕ್ಕ ಕೊಟ್ಟಿದ್ದಾರೆ. 2020ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಬೀದರ್‌ನ ನಿಲ್ದಾಣದಿಂದ ಬೆಂಗಳೂರಿಗೆ ವಿಮಾನ ಹಾರಿ, ನಿಂತು, ಬೇರೆ ಸಂಸ್ಥೆಯಿಂದ ಮತ್ತೆ ಹಾರಿ, ಮತ್ತೆ ನಿಂತು, 2025ರಲ್ಲಿ ಪುನಃ ಶುರುವಾದದ್ದು ಈ ಅಂಕಿಗಳ ಜೀವಂತ ರೂಪ. ರನ್‌ವೇ ಉದ್ಘಾಟಿಸುವ ಉತ್ಸಾಹದ ಕಾಲುಭಾಗವಾದರೂ ಮೂರನೆಯ ವರ್ಷದ ಕೊನೆಗೆ ಆ ಮಾರ್ಗದ ಗತಿಯೇನೆಂದು ಕೇಳುವುದರಲ್ಲಿ ಇದ್ದಿದ್ದರೆ ಚೆನ್ನಾಗಿತ್ತು.

ಮಾನ್ಯರೇ, ತಮ್ಮಿಂದ ಬಯಸುವುದು ಇಷ್ಟು. ಭಾರತೀಯ ವಾಯುಯಾನ ಅಧಿನಿಯಮಕ್ಕೆ ತಿದ್ದುಪಡಿ ತಂದು ಡಿಜಿಸಿಎಯನ್ನು ಸಚಿವಾಲಯದ ನೆರಳಿನಿಂದ ಬಿಡಿಸುವ, ಅದರ ಮುಖ್ಯಸ್ಥರಿಗೆ ಅರ್ಹತೆಯನ್ನೂ ನಿಶ್ಚಿತ ಅವಧಿಯನ್ನೂ ನಿಗದಿಪಡಿಸುವ, ಸ್ವಂತ ನೇಮಕಾತಿಯನ್ನೂ ಸ್ವಂತ ವೇತನ ಶ್ರೇಣಿಯನ್ನೂ ಕೊಡುವ ಕೆಲಸ ಎಲ್ಲಕ್ಕಿಂತ ಮೊದಲು ಆಗಬೇಕು; ಉಳಿದ ಸುಧಾರಣೆಗಳೆಲ್ಲ ಇದನ್ನು ಅವಲಂಬಿಸಿವೆ. ಸರ್ಕಾರ ಮುಂದೆ ಬರದಿದ್ದರೆ ಖಾಸಗಿ ಸದಸ್ಯರ ಮಸೂದೆಯೆಂಬ ದಾರಿ ತಮಗೆ ತೆರೆದಿದೆ, ಅದು ಅಂಗೀಕಾರವಾಗದಿದ್ದರೂ ಚರ್ಚೆ ದಾಖಲೆಯಲ್ಲಿ ಉಳಿಯುತ್ತದೆ. ಹೊಸ ವೇಳಾಪಟ್ಟಿಗೆ ಒಪ್ಪಿಗೆ ನೀಡುವ ಮೊದಲು ಆ ಸಂಸ್ಥೆಯ ಪೈಲಟ್‌ಗಳ ಸಂಖ್ಯೆ ಅದಕ್ಕೆ ಸಾಲುತ್ತದೆಯೇ ಎಂಬ ಲೆಕ್ಕವನ್ನು ಸಾರ್ವಜನಿಕವಾಗಿ ಪ್ರಕಟಿಸುವುದು ಕಡ್ಡಾಯವಾಗಲಿ. ಮುಂಗಡ ಟಿಕೆಟ್‌ಗಳ ಹಣದ ಒಂದು ಪಾಲನ್ನು, ಪ್ರಯಾಣ ಮುಗಿಯುವವರೆಗೆ ಸಂಸ್ಥೆ ಮುಟ್ಟದಂತೆ, ಪ್ರತ್ಯೇಕ ಖಾತೆಯಲ್ಲಿಡುವ ನಿಯಮ ಬರಲಿ.

ಹಾರಾಟ ರದ್ದಾದಾಗ ಪ್ರಯಾಣಿಕನಿಗೆ ಸಿಗುವ ಪರಿಹಾರದ ಗರಿಷ್ಠ ಮಿತಿ, ಪ್ರಯಾಣದ ಅವಧಿಗೆ ತಕ್ಕಂತೆ 5,000, 7,500 ಅಥವಾ 10,000 ರೂಪಾಯಿ ಎಂದು 2016ರಲ್ಲಿ ನಿಗದಿಯಾಯಿತು, ಮೂಲ ದರ ಅದಕ್ಕಿಂತ ಕಡಿಮೆಯಿದ್ದರೆ ಅಷ್ಟೇ ಸಿಗುತ್ತದೆ. ವಿಳಂಬಕ್ಕೆ ಊಟ, ವಸತಿಗಳ ಹೊರತು ನಗದು ಪರಿಹಾರವೇ ಇಲ್ಲ. ಈ ಮೊತ್ತಗಳನ್ನು ಮತ್ತೆ ನಿರ್ಧರಿಸುವಂತೆ ಪ್ರಶ್ನೋತ್ತರ ವೇಳೆಯಲ್ಲಿ ಸಚಿವರನ್ನು ಒತ್ತಾಯಿಸುವುದಕ್ಕೆ ಯಾವ ಮಸೂದೆಯ ಅಗತ್ಯವೂ ಇಲ್ಲ. ಇನ್ನು ಎಟಿಎಫ್ ವಿಷಯದಲ್ಲಿ, ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕದ ಪರವಾಗಿ ಕುಳಿತುಕೊಳ್ಳುವವರು ತಾವಲ್ಲ, ರಾಜ್ಯ ಸರ್ಕಾರದ ಪ್ರತಿನಿಧಿ. ಆದರೆ ರಾಜ್ಯದಲ್ಲಿ ಯಾವ ಪಕ್ಷದ ಸರ್ಕಾರವಿದ್ದರೂ, ಮೊದಲ ಕೆಲವು ವರ್ಷ ರಾಜ್ಯಗಳಿಗಾಗುವ ವರಮಾನ ನಷ್ಟವನ್ನು ಕೇಂದ್ರ ತುಂಬಿಕೊಡುವ ಷರತ್ತಿನ ಮೇಲೆ ಎಟಿಎಫ್ ಅನ್ನು ಒಳಗೆ ತರಲು ಕರ್ನಾಟಕ ಒಪ್ಪುವಂತೆ, ಕೇಂದ್ರ ಆ ಷರತ್ತಿಗೆ ಒಪ್ಪುವಂತೆ ಎರಡೂ ಕಡೆ ಮಾತನಾಡಬಲ್ಲವರು ತಾವೇ. ನಲವತ್ತು ಸದಸ್ಯರು ಪಕ್ಷ ಮರೆತು ಒಂದು ಮನವಿಗೆ ಸಹಿ ಹಾಕುವುದು ನಮ್ಮ ರಾಜಕೀಯದಲ್ಲಿ ಅಪರೂಪವೆಂಬುದು ಈ ಪತ್ರಕ್ಕೂ ತಿಳಿದಿದೆ.

ಮುಂದಿನ ಅಧಿವೇಶನ ಸೇರುವ ಮೊದಲೇ ತಾವು ಈ ವಿಷಯಗಳ ಬಗ್ಗೆ ಸಮಾಲೋಚಿಸಿ, ಕೈಗೊಂಡ ತೀರ್ಮಾನವನ್ನು ತಮ್ಮ ಮತದಾರರಿಗೆ ತಿಳಿಸಬೇಕೆಂದು ವಿನಂತಿ.

ಇತಿ,
ತಮ್ಮ ವಿಶ್ವಾಸಿ,
ನಾಗರಿಕ ವಿಮಾನಯಾನ ಕುರಿತ ಒಬ್ಬ ಕನ್ನಡ ಲೇಖಕ
ಬೆಂಗಳೂರು